ಮಗ ಹೇಗಿದ್ದಾನೆ ಅಂತ ಎಲ್ಲರೂ ಕೇಳ್ತಾರೆ

ಕಳೆದ ತಪಸ್ಕಾಲದಲ್ಲಿ ನಮ್ಮ ಯುವ ಘಟಕದಿಂದ ಏಳು ಮನೆಗಳಿಗೆ ಹೋಗಿದ್ದೆವು. ಪ್ರತಿ ವರ್ಷ ಹೋಗುತ್ತೇವೆ. ಐದು ಕಿಲೋ ಕುಚ್ಚಲಕ್ಕಿ, ಒಂದು ಲೀಟರ್ ತೆಂಗಿನೆಣ್ಣೆ, ಸಕ್ಕರೆ, ಚಾಪುಡಿ, ಸೋಪು, ಎಲ್ಲ ಒಂದು ಚೀಲದಲ್ಲಿ. ಒಂದು ಸಣ್ಣ ಪ್ರಾರ್ಥನೆ, ಒಂದು ಫೋಟೋ, ಮುಂದಿನ ಮನೆ. ಏಳು ಮನೆಗೆ ಎರಡು ಗಂಟೆ ಸಾಕು ಎಂದು ನಮ್ಮ ಲೆಕ್ಕ.

ಐದನೆಯ ಮನೆಯಲ್ಲಿ ಆ ಲೆಕ್ಕ ತಪ್ಪಿತು. ಮಗನಿಗೆ 27 ವರ್ಷ. ಮಾತಿಲ್ಲ, ಎದ್ದು ಕೂರಲಿಕ್ಕಾಗುವುದಿಲ್ಲ, ಆಗಾಗ ಫಿಟ್ಸ್ ಬರುತ್ತದೆ. ಎಂಡೋ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆ. ನಾವು ಎಂದಿನಂತೆ ಮಂಚದ ಬಳಿ ನಿಂತು "ಮಗ ಹೇಗಿದ್ದಾನೆ ಆಂಟಿ?" ಎಂದು ಕೇಳಿದೆವು. ಅವರೂ ಎಂದಿನಂತೆ "ಹೀಗೇ ಇದ್ದಾನೆ ಮಗಾ, ದೇವರ ದಯೆ" ಎಂದರು. ಚೀಲ ಕೊಟ್ಟಾಯಿತು. ಚಪ್ಪಲಿ ಹಾಕುವಾಗ ನಮ್ಮಲ್ಲಿ ನರ್ಸಿಂಗ್ ಓದುವ ಒಬ್ಬಳು ಹಿಂದೆ ತಿರುಗಿ, "ಆಂಟಿ, ನೀವು ಹೇಗಿದ್ದೀರಿ?" ಎಂದಳು. ಅದು ಯೋಜನೆ ಮಾಡಿ ಕೇಳಿದ ಪ್ರಶ್ನೆಯಲ್ಲ, ಬಾಯಿಗೆ ಬಂದದ್ದು.

ಅವರು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮತ್ತೆ ಮುಕ್ಕಾಲು ಗಂಟೆ ನಾವು ಅಲ್ಲಿಂದ ಏಳಲಿಲ್ಲ. ಅವರು ಮಾತಾಡಿದ್ದು ಕೊಂಕಣಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಬರೆಯಲು ಅವರ ಒಪ್ಪಿಗೆ ಇದೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇವೆ. "ಮಗ ಹೇಗಿದ್ದಾನೆ ಅಂತ ಎಲ್ಲರೂ ಕೇಳ್ತಾರೆ. ಪಂಚಾಯತಿನವರು ಕೇಳ್ತಾರೆ, ಪೇಪರಿನವರು ಕೇಳ್ತಾರೆ, ಫಾದರ್ ಕೇಳ್ತಾರೆ. ನನ್ನನ್ನು ಕೇಳಿದ್ದು ಇವತ್ತು ಇವಳೇ" ಎಂದರು.

ಆಮೇಲೆ ಒಂದೊಂದಾಗಿ ಬಂತು. ಮೂವತ್ತರ ವಯಸ್ಸಿನಿಂದಲೇ ತಲೆನೋವು. ಎದೆ ಡಬಡಬ ಹೊಡೆದುಕೊಳ್ಳುವುದು. ಒಂದು ಕಾಲದಲ್ಲಿ ಮುಟ್ಟು ತಿಂಗಳುಗಟ್ಟಲೆ ನಿಂತು, ಮತ್ತೆ ಒಮ್ಮೆಗೇ ಹದಿನೈದು ದಿನ. ಹೊಟ್ಟೆಯಲ್ಲಿ ಉರಿ. ಸೊಂಟನೋವು. ಮೂರು ಸಲ ಸ್ಕ್ಯಾನಿಂಗ್ ಆಗಿದೆ, "ರಿಪೋರ್ಟ್ ನಾರ್ಮಲ್, ಎಂತ ಇಲ್ಲ ಅಮ್ಮ, ಗ್ಯಾಸ್" ಎಂದು ಚೀಟಿ ಬರೆದುಕೊಟ್ಟಿದ್ದಾರೆ. ರಾತ್ರಿ ಮಗನ ಎದೆಯ ಮೇಲೆ ಕೈಯಿಟ್ಟೇ ಮಲಗುವುದು, ಉಸಿರು ನಿಂತರೆ ಗೊತ್ತಾಗಬೇಕಲ್ಲ. 27 ವರ್ಷದಲ್ಲಿ ಒಂದು ಇಡೀ ರಾತ್ರಿ ನಿದ್ದೆ ಮಾಡಿದ ನೆನಪು ಅವರಿಗಿಲ್ಲ. ಈಗಲೂ ಎಲ್ಲಿಯಾದರೂ ಹೆಲಿಕಾಪ್ಟರ್ ಸದ್ದು ಕೇಳಿದರೆ ಕೈಕಾಲು ತಣ್ಣಗಾಗುತ್ತದೆ, ಓಡಿಹೋಗಿ ಬಾವಿಯ ಕಡೆ ನೋಡುತ್ತಾರೆ.

ಕೊನೆಯಲ್ಲಿ, ತುಂಬಾ ಸಣ್ಣ ದನಿಯಲ್ಲಿ ಹೇಳಿದ ಮಾತು: "ಬಸುರಿಯಾಗಿದ್ದಾಗ ಆ ತೋಡಿನ ನೀರು ಕುಡಿದದ್ದು ನಾನಲ್ಲವಾ?"

ನಮ್ಮ ಚೀಲದಲ್ಲಿ ಐದು ಕಿಲೋ ಅಕ್ಕಿ ಇತ್ತು. ಈ ಮಾತಿಗೆ ಉತ್ತರವಾಗುವಂಥದ್ದು ಏನೂ ಇರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಹಿನ್ನೆಲೆ ಹೇಳಬೇಕಾಗಿಲ್ಲ, ಆದರೆ ಈಗ ಪಿಯುಸಿ ಓದುವವರು ಹುಟ್ಟುವ ಮೊದಲೇ ಸಿಂಪಡಣೆ ನಿಂತಿತ್ತು, ಹಾಗಾಗಿ ಎರಡು ಮಾತು. 1970ರ ದಶಕದಿಂದ 2000ದವರೆಗೆ ಕಾಸರಗೋಡಿನ ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ, ಕುಂಬ್ಡಾಜೆ, ಬದಿಯಡ್ಕ, ಬೆಳ್ಳೂರು, ಕಾರಡ್ಕ, ಮುಳಿಯಾರು ಸೇರಿ ಹನ್ನೊಂದು ಪಂಚಾಯತುಗಳ ಹೆಸರು ಈ ಪಟ್ಟಿಯಲ್ಲಿದೆ. ಪಡ್ರೆಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಏನೋ ಅಸಹಜವಿದೆ ಎಂದು ಗಮನಿಸಿ ಬರೆದರು. ಪೆರಿಯದ ಕೃಷಿ ಅಧಿಕಾರಿ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಈ ವಿಷವನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದಿತು. 2022ರಲ್ಲಿ ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿ ಬಂತು. ನಡುವೆ 2019ರ ಜನವರಿ ಕೊನೆಯಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟ್ ಎದುರು ಕೂತರು.

ಆ ದಿನಗಳ ಫೋಟೋಗಳನ್ನು ಈಗ ಮತ್ತೆ ನೋಡಿ. ಮಗುವಿನ ಮುಖ ಸ್ಪಷ್ಟವಾಗಿದೆ. ತಾಯಿಯದ್ದು ಎಷ್ಟೋ ಫೋಟೋಗಳಲ್ಲಿ ಬರೀ ಎರಡು ಕೈ. ಎಂಡೋಸಲ್ಫಾನ್ ಬಗ್ಗೆ ಇಷ್ಟೆಲ್ಲ ಓದಿದ್ದೇವೆ, ಸೆಮಿನಾರ್ ಮಾಡಿದ್ದೇವೆ, ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡಿ ಅಂಕ ಪಡೆದವರೂ ನಮ್ಮಲ್ಲಿದ್ದಾರೆ. ಆ ಎರಡು ಕೈಗಳ ಆರೋಗ್ಯ ಹೇಗಿದೆ ಎಂದು ನಮಗೆ ಹೊಳೆದೇ ಇರಲಿಲ್ಲ.

ಟ್ರಾಮಾ ಎಂದರೆ ಒಂದು ಅಪಘಾತ, ಒಂದು ಪ್ರವಾಹ, ಅದು ಆಗಿಹೋದ ಮೇಲಿನ ಭಯ ಎಂದು ನಾವು ತಿಳಿದಿದ್ದೆವು. ಮಾನಸಿಕ ಆಘಾತ ಒಂದೇ ದಿನದಲ್ಲಿ ಆಗುವುದೂ ಉಂಟು, ದಿನಾ ಸ್ವಲ್ಪ ಸ್ವಲ್ಪವಾಗಿ ಸೇರುವುದೂ ಉಂಟು. ಆಂಟಿಯ ಮನೆಯಲ್ಲಿ ಎರಡೂ ಇದೆ. ವೈದ್ಯರು "ಈ ಮಗು ನಡೆಯುವುದಿಲ್ಲ" ಎಂದ ದಿನ ಮೇಜಿನ ಮೇಲಿದ್ದ ಬಟ್ಟೆಯ ಬಣ್ಣ ಅವರಿಗೆ ಈಗಲೂ ನೆನಪಿದೆ, ನಿನ್ನೆ ಬೀಗದ ಕೈ ಎಲ್ಲಿಟ್ಟೆ ಎಂಬುದು ನೆನಪಿಲ್ಲ. ಅದರ ಮೇಲೆ ಹತ್ತು ಸಾವಿರ ರಾತ್ರಿಗಳ ಕಾವಲು.

ಡಿಗ್ರಿಯಲ್ಲಿ ನಾವು ಅಡ್ರಿನಲ್ ಗ್ರಂಥಿಯ ಚಿತ್ರ ಬಿಡಿಸಿದ್ದೇವೆ, ಐದು ಅಂಕಕ್ಕೆ. ಹೆದರಿಕೆಯಾದಾಗ ಅಡ್ರಿನಲಿನ್ ಬರುತ್ತದೆ, ಎದೆ ಬಡಿತ ಏರುತ್ತದೆ, ಹಿಂದೆಯೇ ಕಾರ್ಟಿಸೋಲ್ ಬಂದು ರಕ್ತದಲ್ಲಿ ಸಕ್ಕರೆ ಏರಿಸುತ್ತದೆ, ಓಡಲಿಕ್ಕೆ ಇಲ್ಲವೇ ಹೊಡೆದಾಡಲಿಕ್ಕೆ ದೇಹ ಸಿದ್ಧವಾಗುತ್ತದೆ. ಹಾವು ಹೋದ ಮೇಲೆ ಎಲ್ಲ ಮೊದಲಿನಂತಾಗಬೇಕು. ಹಾವು ಹೋಗದೇ ಇದ್ದರೆ? ಪಠ್ಯದಲ್ಲಿ ಅದಕ್ಕೊಂದು ಸಾಲು ಇತ್ತು, ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟುಬಿಟ್ಟಿದ್ದೆವು. ದೇಹ ಸದಾ ಎಚ್ಚರದಲ್ಲೇ ಉಳಿದರೆ ನಿದ್ದೆ ಕೆಡುತ್ತದೆ, ಬಿಪಿ ಏರುತ್ತದೆ, ಹೊಟ್ಟೆ ಕೆಡುತ್ತದೆ, ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನಿನ ಸೂಚನೆಗಳು ಏರುಪೇರಾಗಿ ಮುಟ್ಟು ತಪ್ಪುತ್ತದೆ. ಇದು "ಮನಸ್ಸಿನ ಕಲ್ಪನೆ" ಅಲ್ಲ. ರಕ್ತದಲ್ಲಿ ಅಳೆಯಬಹುದಾದ ಸಂಗತಿ.

ಎಷ್ಟರ ಮಟ್ಟಿಗೆ ಅಳೆಯಬಹುದು ಎಂಬುದಕ್ಕೆ ಒಂದು ಅಧ್ಯಯನ ಹೇಳುತ್ತೇವೆ. 2004ರಲ್ಲಿ ಅಮೆರಿಕದಲ್ಲಿ ಎಲಿಸ್ಸಾ ಎಪೆಲ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ (ಮುಂದೆ 2009ರಲ್ಲಿ ನೊಬೆಲ್ ಪಡೆದ ವಿಜ್ಞಾನಿ) 58 ತಾಯಂದಿರ ರಕ್ತ ಪರೀಕ್ಷಿಸಿದರು. ಅವರಲ್ಲಿ 39 ಮಂದಿ ದೀರ್ಘಕಾಲದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವವರು. ನಮ್ಮ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿದೆ. ಶೂ ಲೇಸಿನ ತುದಿಯ ಪ್ಲಾಸ್ಟಿಕ್ ಇದ್ದ ಹಾಗೆ, ವಯಸ್ಸಾದಂತೆ ಸವೆಯುತ್ತದೆ. ಮಗುವನ್ನು ಹೆಚ್ಚು ವರ್ಷ ನೋಡಿಕೊಂಡ ತಾಯಂದಿರಲ್ಲಿ ಅದು ಹೆಚ್ಚು ಸವೆದಿತ್ತು. ಅತಿ ಹೆಚ್ಚು ಒತ್ತಡ ಅನುಭವಿಸುತ್ತಿದ್ದವರ ಜೀವಕೋಶಗಳು ಕಡಿಮೆ ಒತ್ತಡದವರಿಗಿಂತ ಕನಿಷ್ಠ ಹತ್ತು ವರ್ಷ ಮುದಿಯಾದಂತೆ ಕಂಡವು. ಇನ್ನೊಂದು, 1995ರದ್ದು: ಮರೆವಿನ ಕಾಯಿಲೆಯ ಬಂಧುಗಳ ಆರೈಕೆ ಮಾಡುವ ಮಹಿಳೆಯರ ತೋಳಿನಲ್ಲಿ ಒಂದು ಚಿಕ್ಕ ಗಾಯ ಮಾಡಿ, ಎಷ್ಟು ದಿನಕ್ಕೆ ಒಣಗುತ್ತದೆ ಎಂದು ನೋಡಿದರು. ಇತರರಿಗಿಂತ ಸುಮಾರು ಒಂಬತ್ತು ದಿನ ಹೆಚ್ಚು ಬೇಕಾಯಿತು. ಇದನ್ನು ಓದಿದಾಗ ನಮಗೆ ಆಂಟಿಯ ಕೈಯ ಸುಟ್ಟ ಕಲೆ ನೆನಪಾಯಿತು. ಒಲೆಯದ್ದು, ತಿಂಗಳಾದರೂ ಮಾಗಿರಲಿಲ್ಲ.

ಹತ್ತಿರದ್ದೇ ಒಂದು ಉದಾಹರಣೆಯೂ ಇದೆ, ಸ್ವಲ್ಪ ಮುಜುಗರದ್ದು, ಆದರೂ ಹೇಳುತ್ತೇವೆ. ಬಿಳಿ ಸೆರಗು ಹೋಗುತ್ತದೆ, ಅದರಿಂದ ಸುಸ್ತು ಎಂದು ನಮ್ಮ ಎಷ್ಟೋ ಅಮ್ಮಂದಿರು ವರ್ಷಗಟ್ಟಲೆ ಮಾತ್ರೆ ನುಂಗುತ್ತಾರೆ. ಗೋವಾದ ಅಲ್ಡೋನಾ ಕಡೆ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ್ದು ಇದು: ಈ ದೂರಿಗೆ ಸೋಂಕಿಗಿಂತಲೂ ಹೆಚ್ಚು ನಂಟಿದ್ದದ್ದು ಮನಸ್ಸಿನ ಸಂಕಟದ ಜೊತೆ. "ನನಗೆ ಬೇಜಾರಾಗಿದೆ" ಎಂದು ಹೇಳಿಕೊಂಡರೆ ಯಾರೂ ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿಲ್ಲ. "ಬಿಳಿ ಸೆರಗು" ಎಂದರೆ ಕರೆದುಕೊಂಡು ಹೋಗುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಇದನ್ನೆಲ್ಲ ಓದಿದವರು ಇನ್ನು ಮೇಲೆ ಅಮ್ಮನಿಗೆ ಏನಾದರೂ "ಟೆನ್ಶನ್ ಅಮ್ಮ, ಟೆನ್ಶನ್" ಎಂದು ಹೇಳಲು ಶುರುಮಾಡಿದರೆ ಈ ಲೇಖನ ಬರೆದದ್ದಕ್ಕೆ ನಾವೇ ಪಶ್ಚಾತ್ತಾಪ ಪಡಬೇಕಾಗುತ್ತದೆ. ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಕಾಯಿಲೆ ಕೂಡ ಇದೇ ಲಕ್ಷಣ ತೋರಿಸುತ್ತವೆ. ಹೃದಯಾಘಾತ ಕೂಡ ಹೆಂಗಸರಲ್ಲಿ ಎಷ್ಟೋ ಸಲ ಎದೆನೋವಿಲ್ಲದೆ ಬರೀ ಸುಸ್ತು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವಾಗಿ ಬರುತ್ತದೆ. ಮೊದಲು ಪರೀಕ್ಷೆ ಆಗಲೇಬೇಕು. "ರಿಪೋರ್ಟ್ ನಾರ್ಮಲ್" ಎಂದಾದ ಮೇಲೂ ನೋವು ನಿಜವೇ, ಅದಕ್ಕೆ ಬೇರೆ ವೈದ್ಯರನ್ನು ನೋಡಬೇಕಾಗಬಹುದು ಅಷ್ಟೇ.

ಆಂಟಿಯ ಮನೆಯಿಂದ ಬಂದ ಮೇಲೆ ನಾವು ನಮ್ಮ ವಾರ್ಡುಗಳ ಮನೆಗಳನ್ನು ಬೇರೆ ಕಣ್ಣಿನಿಂದ ನೋಡಿದೆವು. ಹೊಟ್ಟೆಯಲ್ಲೇ ಮಗು ತೀರಿಕೊಂಡಾಗ "ಇನ್ನೊಂದು ಆಗ್ತದೆ ಬಿಡು" ಎಂದು ಸಮಾಧಾನ ಪಡೆದವರಿದ್ದಾರೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಮನೆಯವರನ್ನು ಕಳೆದುಕೊಂಡವರು ನಮ್ಮ ಕಡೆ ಇದ್ದಾರೆ. ಗಂಡ ಕುಡಿದು ಬರುವ ರಾತ್ರಿ ಹಿತ್ತಲ ಬಾಗಿಲ ಚಿಲಕ ತೆಗೆದಿಟ್ಟೇ ಮಲಗುವವರಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮದುವೆಯಾದ ಮಹಿಳೆಯರಲ್ಲಿ ಶೇ. 29ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಹಿಂಸೆಗೊಳಗಾದ ಮಹಿಳೆಯರಲ್ಲಿ ಸಹಾಯ ಕೇಳಿದವರು ಶೇ. 14 ಮಾತ್ರ. ಭಾನುವಾರ ಪೂಜೆಯಲ್ಲಿ ನಮ್ಮ ಎಡಬದಿಯ ಬೆಂಚುಗಳನ್ನು ಒಮ್ಮೆ ಲೆಕ್ಕ ಹಾಕಿದರೆ ಆ ಸಂಖ್ಯೆ ನಮಗೂ ಅರ್ಥವಾದೀತು.

ಇವರಿಗೆ ನಾವು ಕೊಡುವುದು ಏನು? ಸಲಹೆ. ಅದಕ್ಕೆ ನಮ್ಮಲ್ಲಿ ಬರಗಾಲವಿಲ್ಲ. "ಧೈರ್ಯ ತಗೊಳ್ಳಿ." "ಜಪಸರ ಮಾಡಿ, ಸರಿಯಾಗ್ತದೆ." "ನಿಮಗಿಂತ ಕಷ್ಟದಲ್ಲಿರುವವರು ಎಷ್ಟಿದ್ದಾರೆ." ಅದರಲ್ಲೂ "ದೇವರು ಕೊಟ್ಟ ಶಿಲುಬೆ, ಹೊರಬೇಕು" ಎಂಬ ಮಾತು. ಆಂಟಿಯ ಅತ್ತೆ ಮೊದಲು ಹೇಳಿದ್ದು ಇದನ್ನೇ, ಆಮೇಲೆ ಹೇಳಿದ್ದು "ನಿನ್ನ ಹೊಟ್ಟೆಯ ದೋಷ" ಎಂದು. ಹೆಲಿಕಾಪ್ಟರ್ ಯಾರದ್ದು, ವಿಷ ಯಾರದ್ದು, ಅಪರಾಧಿ ಭಾವನೆ ಮಾತ್ರ ತೋಡಿನ ನೀರು ಕುಡಿದ ಹೆಂಗಸಿನದ್ದು. ಪ್ರಾರ್ಥನೆ ಬೇಡ ಎನ್ನುತ್ತಿಲ್ಲ, ಆಂಟಿಯೇ ದಿನಾ ಸಂಜೆ ಜಪಸರ ಮಾಡುತ್ತಾರೆ, ಅದು ತನಗೆ ಆಧಾರ ಎನ್ನುತ್ತಾರೆ. ಆದರೆ ತಪಸ್ಕಾಲದಲ್ಲಿ ಶುಕ್ರವಾರ ಶುಕ್ರವಾರ ನಾವು ಮಾಡುವ ಶಿಲುಬೆ ಹಾದಿಯ ಐದನೆಯ ಸ್ಥಾನದಲ್ಲಿ ಸಿರೇನ್ಯದ ಸಿಮೋನ ಇದ್ದಾನಲ್ಲ, ಅವನು ಒಂದು ಮಾತೂ ಆಡಿದ ದಾಖಲೆ ಇಲ್ಲ. ಮರಕ್ಕೆ ಹೆಗಲು ಕೊಟ್ಟ, ಅಷ್ಟೇ.

ನಮ್ಮ ಅಭಿಪ್ರಾಯ ಇಷ್ಟು: ಇಂಥ ಮಹಿಳೆಯರಿಗೆ ಚರ್ಚಿನ ಯುವಜನರಿಂದ ಬೇಕಾಗಿರುವುದು ಅಕ್ಕಿಯೂ ಅಲ್ಲ, ಸಲಹೆಯೂ ಅಲ್ಲ. ವಾರಕ್ಕೆ ಎರಡು ಮೂರು ಗಂಟೆ ಬಿಡುವು, ಮತ್ತು ಚಿಕಿತ್ಸೆ ಸಿಗುವ ಬಾಗಿಲವರೆಗೆ ಜೊತೆಗೆ ಬರುವ ಒಬ್ಬರು.

ಏಕೆಂದರೆ ಬಾಗಿಲುಗಳು ಇಲ್ಲದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ನಿಗದಿತ ದಿನಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಬರುತ್ತಾರೆ, ಮಾತ್ರೆ ಉಚಿತ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ 'ಆಶ್ವಾಸಂ' ಎಂಬ ಹೆಸರಿನಲ್ಲಿ ಖಿನ್ನತೆಯ ತಪಾಸಣೆ ಇದೆ, ಕೆಲವು ಪ್ರಶ್ನೆ ಕೇಳುತ್ತಾರೆ, ಅಷ್ಟೇ. ಹಿಂಸೆಗೊಳಗಾದವರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ 'ಭೂಮಿಕಾ', ಕುಟುಂಬಶ್ರೀಯ 'ಸ್ನೇಹಿತಾ', ಫೋನಿನಲ್ಲಾದರೆ 181. ತಕ್ಷಣ ಪೊಲೀಸರು ಬೇಕಾದರೆ 112. ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು, ದಿನದ 24 ಗಂಟೆ, ಉಚಿತ, ಭಾಷೆಯನ್ನು ನಾವೇ ಆರಿಸಿಕೊಳ್ಳಬಹುದು. ಬದುಕುವುದೇ ಬೇಡ ಎಂದು ಯಾರಾದರೂ ಹೇಳಿದರೆ "ಹಾಗೆಲ್ಲ ಹೇಳಬೇಡಿ" ಎಂದು ಬಾಯಿ ಮುಚ್ಚಿಸದೆ, ಅವರನ್ನು ಒಂಟಿ ಬಿಡದೆ, ಅಲ್ಲೇ ಕೂತು ಈ ಸಂಖ್ಯೆಗೆ ಕರೆ ಮಾಡಿ.

ಭಾಷೆಯ ಮಾತು ನಮ್ಮ ಕಡೆ ಸಣ್ಣದಲ್ಲ. ಅರ್ಜಿ ಮಲಯಾಳದಲ್ಲಿ ತುಂಬಬಹುದು, ಯಾರಾದರೂ ತುಂಬಿಕೊಡುತ್ತಾರೆ. ದುಃಖವನ್ನು ಹಾಗೆ ಇನ್ನೊಬ್ಬರ ಕೈಯಲ್ಲಿ ತುಂಬಿಸಲಿಕ್ಕೆ ಆಗುವುದಿಲ್ಲ. ನಾವು ಜೊತೆಗೆ ಹೋದ ಮೊದಲ ಸಲ ಕೌನ್ಸೆಲರ್ ಒಳ್ಳೆಯವರೇ, ಆದರೆ ಮಲಯಾಳ ಮಾತ್ರ. ಆಂಟಿ ಹತ್ತು ನಿಮಿಷದಲ್ಲಿ ಎದ್ದು ಬಂದರು. "ತಲೆನೋವು ಅಂತ ಹೇಳಿದೆ, ಉಳಿದದ್ದಕ್ಕೆ ಶಬ್ದ ಸಿಗಲಿಲ್ಲ." ಎರಡನೆಯ ಸಲ ಮೊದಲೇ ಫೋನ್ ಮಾಡಿ, ಕನ್ನಡ ಬಲ್ಲವರು ಯಾವ ದಿನ ಇರುತ್ತಾರೆ ಎಂದು ಕೇಳಿ ಹೋದೆವು. ಇಷ್ಟು ಸಣ್ಣ ಕೆಲಸ. ಅದನ್ನು ಮಾಡಲು ಯಾರೂ ಇಲ್ಲದ ಕಾರಣ ಎಷ್ಟು ಮಂದಿ ಹತ್ತು ನಿಮಿಷಕ್ಕೆ ಎದ್ದು ಬಂದಿರಬಹುದು!

ಭಾಷೆಗಿಂತ ದೊಡ್ಡ ಅಡ್ಡಿ ಇನ್ನೊಂದು. ಆಂಟಿ ಡಾಕ್ಟರ ಹತ್ತಿರ ಹೋದರೆ ಆ ನಾಲ್ಕು ಗಂಟೆ ಮಗನ ಬಳಿ ಯಾರು? ಗಂಡ ಹೋಟೆಲ್ ಕೆಲಸಕ್ಕೆ ಮಂಗಳೂರಿಗೆ ಹೋಗುತ್ತಾರೆ. ಬಡ್ಸ್ ಶಾಲೆಗೆ ಕಳಿಸುವ ಸ್ಥಿತಿಯಲ್ಲಿ ಮಗನಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳ ಸರ್ಕಾರದ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಇದೆ. ದಿನಕ್ಕೆ 20. ಆ ಹಣಕ್ಕೆ ಬದಲಿಯಾಗಿ ಕೂರುವವರು ಸಿಗುವುದಿಲ್ಲ.

ಜಿಂಬಾಬ್ವೆಯ ಡಾ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರ ಕಥೆ ನಮಗೆ ಓದಲು ಸಿಕ್ಕಿತು. ಅವರ ಬಳಿ ಚಿಕಿತ್ಸೆಗೆ ಬರಬೇಕಿದ್ದ ಒಬ್ಬ ಹುಡುಗಿ ಬರಲಿಲ್ಲ, ಆತ್ಮಹತ್ಯೆ ಮಾಡಿಕೊಂಡಳು. ಏಕೆ ಕರೆತರಲಿಲ್ಲ ಎಂದು ತಾಯಿಯನ್ನು ಕೇಳಿದರೆ, ಬಸ್ಸಿಗೆ 15 ಡಾಲರ್ ಇರಲಿಲ್ಲ ಎಂಬ ಉತ್ತರ. ಆಸ್ಪತ್ರೆ ಇತ್ತು, ಡಾಕ್ಟರ್ ಇದ್ದರು, ನಡುವಿನ ದಾರಿ ಇರಲಿಲ್ಲ. ಅವರು 2006ರಲ್ಲಿ ಹರಾರೆಯ ಮ್ಬಾರೆ ಎಂಬಲ್ಲಿ 14 ಅಜ್ಜಿಯಂದಿರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನಲ್ಲಿ ಕೂರಿಸಿದರು. ಅಲ್ಲಿನ ಜನ ಖಿನ್ನತೆ ಎನ್ನುವುದಿಲ್ಲವಂತೆ, 'ಕುಫುಂಗಿಸಿಸಾ' ಎನ್ನುತ್ತಾರೆ, ಅತಿಯಾಗಿ ಯೋಚಿಸುವುದು ಎಂದರ್ಥ. ನಮ್ಮ 'ತಲೆಬಿಸಿ' ಇದ್ದ ಹಾಗೆ. 573 ಮಂದಿಯ ಮೇಲೆ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಅಜ್ಜಿಯರ ಬಳಿ ಕೂತವರು ಆರು ತಿಂಗಳ ನಂತರ ಮಾಮೂಲಿ ಚಿಕಿತ್ಸೆಯವರಿಗಿಂತ ಎಷ್ಟೋ ವಾಸಿಯಾಗಿದ್ದರು. ನಮ್ಮ ಸ್ತ್ರೀ ಸಂಘಟನೆಯ ಹಿರಿಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ. ಬೆಂಚು ಚರ್ಚಿನ ವಠಾರದಲ್ಲಿ ಈಗಾಗಲೇ ಇದೆ.

ನಾವು ಬೆಂಚಿನ ಮಟ್ಟಕ್ಕೆ ಹೋಗಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಎರಡೂವರೆಯಿಂದ ಆರರವರೆಗೆ ಇಬ್ಬರು ಆ ಮನೆಗೆ ಹೋಗಿ ಮಗನ ಬಳಿ ಕೂರುವುದು, ಇಷ್ಟೇ ಶುರುಮಾಡಿದ್ದು. ಅದರಲ್ಲೂ ಎಡವಿದೆವು. ಮೊದಲ ವಾರವೇ ಮಗನಿಗೆ ಫಿಟ್ಸ್ ಬಂತು, ನಮ್ಮವನೊಬ್ಬ ಗಾಬರಿಯಾಗಿ ಅವನ ಕೈಗೆ ಬೀಗದ ಕೈ ತುರುಕಿ, ಆಂಟಿಗೆ ಫೋನ್ ಮಾಡಿದ. ಬಸ್ಸಿನಲ್ಲಿ ಅರ್ಧ ದಾರಿಯಲ್ಲಿದ್ದವರು ಇಳಿದು ಆಟೋ ಹಿಡಿದು ವಾಪಸ್. ಆಮೇಲೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಒಂದು ಸಂಜೆ ಕೂತು ನಮಗೆ ಕಲಿಸಿದರು: ಮಗ್ಗುಲಿಗೆ ತಿರುಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಅದುಮಿ ಹಿಡಿಯಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಆಂಟಿ ಮೆಟ್ಟಿಲ ಮೇಲೆ ಹೇಳಿದ ಮಾತೊಂದು ನಮ್ಮಲ್ಲೇ ಯಾರದೋ ಬಾಯಿಯಿಂದ ಹೊರಗೆ ಹೋಗಿ, ಇನ್ನೊಂದು ವಾರ್ಡಿನ ಮದುವೆ ಮನೆಯಲ್ಲಿ ಅವರ ಕಿವಿಗೇ ಬಿತ್ತು. ಎರಡು ವಾರ ಬಾಗಿಲು ತೆರೆಯಲಿಲ್ಲ. ನಾವು ಹೋಗಿ ಕ್ಷಮೆ ಕೇಳಿದೆವು, ಕ್ಷಮಿಸಿದರು, ಆದರೆ ಅಂದಿನ ಹಾಗೆ ಮನಸ್ಸು ಬಿಚ್ಚಿ ಮಾತಾಡಲು ಮತ್ತೆ ಮೂರು ತಿಂಗಳು ಹಿಡಿಯಿತು. ಈಗ ನಮಗೊಂದು ನಿಯಮ ಇದೆ: ಕೇಳಿದ್ದು ಆ ಜಗಲಿಯಲ್ಲೇ ಉಳಿಯಬೇಕು. ಎರಡೇ ಸಂದರ್ಭದಲ್ಲಿ ಹೊರಗೆ ಹೇಳಬೇಕು. ಪ್ರಾಣಕ್ಕೆ ಅಪಾಯವಿದ್ದಾಗ, ಮತ್ತು 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ತಿಳಿದುಬಂದಾಗ. ಅದನ್ನು ತಿಳಿಸುವುದು ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ, ಹಾಗಾಗಿ "ಯಾರಿಗೂ ಹೇಳಲ್ಲ" ಎಂಬ ಮಾತು ಕೊಡಲೇಬಾರದು.

ಇನ್ನೊಂದನ್ನೂ ಕಲಿತೆವು. ಕೆದಕಬಾರದು. ಆಗಿದ್ದನ್ನೆಲ್ಲ ಹೇಳಿಸಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂದು ನಾವು ನಂಬಿದ್ದೆವು. ಆಘಾತವಾದವರನ್ನು ಒತ್ತಾಯಿಸಿ ಹೇಳಿಸುವುದರಿಂದ ಉಪಯೋಗವಿಲ್ಲ, ಕೆಲವರಿಗೆ ಹೆಚ್ಚೂ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಕೆಲಸ: ನೋಡಿ, ಕೇಳಿಸಿಕೊಳ್ಳಿ, ಸರಿಯಾದವರ ಜೊತೆ ಜೋಡಿಸಿ. ಚಿಕಿತ್ಸೆ ಕೊಡುವುದು ನಮ್ಮ ಕೆಲಸವಲ್ಲ, ನಾವು ಬಿಎಸ್ಸಿ.

ಪಾಲನಾ ಮಂಡಳಿಯ ಹಿರಿಯರೊಬ್ಬರು "ಕುಟುಂಬದ ವಿಷಯದಲ್ಲಿ ಮಕ್ಕಳು ಕೈ ಹಾಕಬಾರದು" ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಮದುವೆ ಮನೆಯ ಪ್ರಸಂಗ ಅದಕ್ಕೆ ಸಾಕ್ಷಿ. ಆದರೆ ಹಿರಿಯರು ಕೈ ಹಾಕದೆ ಬಿಟ್ಟ 27 ವರ್ಷವೂ ಲೆಕ್ಕಕ್ಕೆ ಬರಬೇಕಲ್ಲವೇ?

ಆಂಟಿಯ ಸುದ್ದಿ ಹೇಳಿ ಮುಗಿಸುತ್ತೇವೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಇತ್ತು, ಅಂದರೆ ಎದೆ ಬಡಿತಕ್ಕೆ ಅದೂ ಒಂದು ಕಾರಣ. ಖಿನ್ನತೆಯೂ ಇತ್ತು. ಎರಡಕ್ಕೂ ಮಾತ್ರೆ. ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು ಎಂದು ಡಾಕ್ಟರ್ ಮೊದಲೇ ಹೇಳಿದ್ದರೂ, ಹತ್ತನೆಯ ದಿನ "ಏನೂ ಆಗಲಿಲ್ಲ" ಎಂದು ಬಿಡಲು ಹೊರಟಿದ್ದರು. ನರ್ಸಿಂಗ್ ಹುಡುಗಿ ಜಗಳ ಮಾಡಿ ಮುಂದುವರಿಸಿದಳು. ಈಗ ರಾತ್ರಿ ನಾಲ್ಕೈದು ಗಂಟೆ ನಿದ್ದೆ ಬರುತ್ತದಂತೆ. ತೋಡಿನ ನೀರಿನ ಮಾತು ಹೋಗಿಲ್ಲ. ಕೌನ್ಸೆಲಿಂಗಿನಲ್ಲಿ ಅದರ ಹತ್ತಿರ ಬರುತ್ತಾರೆ, ಹಿಂದೆ ಸರಿಯುತ್ತಾರೆ.

ಕಳೆದ ತಿಂಗಳು ಒಂದು ಶನಿವಾರ ಆಸ್ಪತ್ರೆ ಇರಲಿಲ್ಲ. ಆದರೂ ನಾವು ಹೋದೆವು. ಆಂಟಿ ಸೀರೆ ಬದಲಿಸಿ ತಮ್ಮ ಅಕ್ಕನ ಜೊತೆ ಕಾಸರಗೋಡಿಗೆ ಹೋಗಿ, ಎರಡು ಡಜನ್ ಬಳೆ ತೆಗೆದುಕೊಂಡು, ಗಡ್‌ಬಡ್ ತಿಂದು ಬಂದರು. ಸುದ್ದಿ ಹರಡಿತು, ಸಹಜವಾಗಿ. "ಇವರು ಐಸ್‌ಕ್ರೀಂ ತಿನ್ನಲಿಕ್ಕೆ ನಮ್ಮ ಮಕ್ಕಳು ಕೂತುಕೊಳ್ಳಬೇಕಾ?" ಎಂದು ಒಬ್ಬರು ಕೇಳಿದರು. ಹೌದು, ಅದಕ್ಕೇ ಕೂತದ್ದು.

ಬರುವ ಎರಡು ಶನಿವಾರಗಳಿಗೆ ಇನ್ನೂ ಮೂರು ಮಂದಿ ಬೇಕು, ಒಬ್ಬರಾದರೂ ಹುಡುಗಿ ಇದ್ದರೆ ಒಳ್ಳೆಯದು. ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆ ಗಂಟೆಗೋಪುರದ ಕೆಳಗೆ ಇರುತ್ತೇವೆ. ಫಿಟ್ಸ್ ಬಂದರೆ ಏನು ಮಾಡಬೇಕೆಂದು ಅಲ್ಲೇ ಹತ್ತು ನಿಮಿಷದಲ್ಲಿ ಹೇಳಿಕೊಡುತ್ತೇವೆ.